ನೀಲವ್ವ ಎದುರು ಬಂದದ್ದು

ಜಯಾ ಬಚ್ಚಲುಮನೆಯ ಬಾಗಿಲು ಬಡಿಯತೊಡಗಿ ಸಾಕಷ್ಟು ಹೊತ್ತಾಗಿತ್ತು. ಒಳಗಿದ್ದವಳು ಅವಳ ತಾಯಿ ನೀಲವ್ವ. ನೀರಿನ ಸದ್ದಿಲ್ಲ, ಕೆಮ್ಮಿನ ಸದ್ದೂ ಇಲ್ಲ. ಕಲೋನ್ ನಗರದ ಆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಅಡಗಿ ಕೂರಲು ಜಾಗವೆಂದು ಇದ್ದದ್ದು ಅದೊಂದೇ. ಹಾಗಾಗಿ ನೀಲವ್ವ ಕಮೋಡಿನ ಮುಚ್ಚಳ ಹಾಕಿ, ಅದರ ಮೇಲೆ ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು ಕುಳಿತು, ಮಗಳು ಹೊರಟುಹೋಗುವುದನ್ನೇ ಕಾಯುತ್ತಿದ್ದಳು.

"ಯವ್ವ, ಹೊರಗ ಬಾ."

"ನೀ ಹೋಗಿ ಬಾರವಾ. ನಾ ಆಮ್ಯಾಲ ಬರ್ತೀನಿ."

"ನೀ ಹೊರಗ ಬರೂತನಕ ನಾ ಹೋಗೂದಿಲ್ಲ."

"ಪರೀಕ್ಷಾಕ ಹೊತ್ತಾಕೈತಿ, ಹುಚ್ಚಿ."

"ಆಗ್ಲಿ ಬಿಡು."

ಜಯಾ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕುಳಿತುಬಿಟ್ಟಳು. ಹಟದಲ್ಲಿ ತಾಯಿ ಮಗಳಿಬ್ಬರೂ ಒಂದೇ ಅಚ್ಚಿನವರು. ಒಬ್ಬಳದು ಬಾಯಿ ಬಿಟ್ಟು ಮಾಡುವ ಹಟ, ಇನ್ನೊಬ್ಬಳದು ಬಾಯಿ ಮುಚ್ಚಿಕೊಂಡು ಮಾಡುವ ಹಟ, ಅಷ್ಟೇ ವ್ಯತ್ಯಾಸ.

ಜಯಾ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಗಂಡ ಸಿದ್ದಲಿಂಗೇಶನ ಜತೆ ಜರ್ಮನಿಗೆ ಬಂದ ಮೇಲೆ ಈ ಊರಿನ ರೋಮನ್ ಕಲ್ಲುಗಳ ಹುಚ್ಚು ಹಿಡಿಸಿಕೊಂಡಳು. ಕಲೋನ್ ಎಂದರೆ ನೆಲ ಅಗೆದಲ್ಲೆಲ್ಲ ರೋಮನ್ನರ ಗೋಡೆ, ರೋಮನ್ನರ ಮೋರಿ. ಹಟ ಹಿಡಿದು ಜರ್ಮನ್ ಕಲಿತಳು, ಮಾರ್ಗದರ್ಶಿಗಳ ಸಂಘವೊಂದರ ಕೋರ್ಸಿಗೆ ಸೇರಿದಳು. ಇನ್ನು ಉಳಿದಿದ್ದದ್ದು ಕೊನೆಯ ಪರೀಕ್ಷೆ: ನಿಜವಾದ ಪ್ರವಾಸಿಗರ ಗುಂಪನ್ನು ಕಟ್ಟಿಕೊಂಡು ರೋಮನ್ ಅವಶೇಷಗಳನ್ನೆಲ್ಲ ನಡೆದು ತೋರಿಸಬೇಕು. ಜತೆಯಲ್ಲಿ ಸಂಘದ ಪರೀಕ್ಷಕಿ ಇರುತ್ತಾಳೆ. ಪಾಸಾದರೆ ಜರ್ಮನ್ನರಿಗೆ ಜರ್ಮನ್ನಿನಲ್ಲಿಯೇ ಅವರ ಊರು ತೋರಿಸುವ ಪರವಾನಗಿ.

ವಸಂತದಲ್ಲಿ ಒಮ್ಮೆ ಈ ಪರೀಕ್ಷೆಗೆ ಹೋಗಿದ್ದಳು. ಆಗಷ್ಟೇ ಊರಿನಿಂದ ಬಂದಿಳಿದಿದ್ದ ನೀಲವ್ವ ಬಾಗಿಲತನಕ ಬಂದು, ಮಗಳ ಕೆನ್ನೆ ಸವರಿ ಲಟಿಕೆ ಮುರಿದು, "ಗೆದ್ದು ಬಾ ನಮ್ಮವ್ವ" ಎಂದು ಕಳಿಸಿಕೊಟ್ಟಿದ್ದಳು. ಜಯಾ ಫೇಲಾಗಿ ಬಂದಳು. ಮೊದಲ ಬಾಗಿಲ ಕಲ್ಲಿನ ಹತ್ತಿರವೇ ಮಾತಿನ ಭರದಲ್ಲಿ ಹೊತ್ತು ಕಳೆದು, ಕೊನೆಯ ಗೋಪುರ ತೋರಿಸುವಷ್ಟರಲ್ಲಿ ಸಮಯ ಮುಗಿದಿತ್ತು. ಕಾರಣ ಇಷ್ಟೇ. ಆದರೆ ನೀಲವ್ವ ಈ ಕಾರಣವನ್ನು ಒಪ್ಪಬೇಕಲ್ಲ!

"ಗಂಡ ಸತ್ತಾಕಿ ಎದುರು ಬಂದ್ರ ಮತ್ತೇನಾಗತೈತಿ" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಅಂದಿನಿಂದ ಮನೆಯಲ್ಲಿ ಯಾರು ಮುಖ್ಯ ಕೆಲಸಕ್ಕೆ ಹೊರಟರೂ ನೀಲವ್ವ ಬಚ್ಚಲುಮನೆಯೊಳಗೆ. ಅಳಿಯ ಡ್ರೈವಿಂಗ್ ಪರೀಕ್ಷೆಗೆ ಹೊರಟಾಗ ಅಲ್ಲೇ ಕೂತಳು, ಅವನು ಪಾಸಾಗಿ ಇಲ್ಲಿಯ ಲೈಸೆನ್ಸಾದ ಫ್ಯೂರರ್‌ಶೈನ್ ತಂದ. ಸಾಕ್ಷಿ ಗಟ್ಟಿಯಾಯಿತು. ಅವನು ಬೆರಳಚ್ಚು ಬೀಳುವ ಹಾಗೆ ಅದನ್ನು ಎಲ್ಲರಿಗೂ ತೋರಿಸಿ ಕುಣಿದಾಡುವಾಗ ಜಯಾಳ ಹೊಟ್ಟೆ ಉರಿದುಹೋಗಿತ್ತು.

ತಂದೆ ಉಳವಪ್ಪ ತೀರಿಕೊಂಡ ಮೇಲೆ ಅವ್ವ ಹೀಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದಿದ್ದನ್ನು ಜಯಾ ದೂರದಿಂದ ಫೋನಿನಲ್ಲಿ ಕೇಳಿಸಿಕೊಂಡಿದ್ದಳು. ತನ್ನ ತಂಗಿಯ ಮಗಳ ಸೀಮಂತದ ಕುಬಸದಲ್ಲಿ ನೀಲವ್ವ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. "ಯಾರೂ ಒಳಗ ಕೂಡು ಅಂದಿಲ್ಲ, ನಾನ ಕೂತೆ" ಎಂದಿದ್ದಳು. ಯಾರೂ ಹೊರಗೆ ಕರೆಯಲಿಲ್ಲ ಎನ್ನುವುದನ್ನು ಹೇಳಿರಲಿಲ್ಲ.

ಅದಕ್ಕೇ ಜಯಾ ಇವತ್ತು ತೀರ್ಮಾನ ಮಾಡಿದ್ದಳು. ಅವ್ವ ಎದುರು ಬರಬೇಕು, ಉಡಿ ತುಂಬಿ ಕಳಿಸಬೇಕು, ಅಷ್ಟೇ ಅಲ್ಲ, ಗುಂಪಿನಲ್ಲಿ ಅವಳೂ ನಡೆಯಬೇಕು. ಅಷ್ಟಾದ ಮೇಲೆ ತಾನು ಪಾಸಾಗಬೇಕು. ಆಗ ಈ ಪೀಡೆ ತೊಲಗುತ್ತದೆ. ಚಹಾ ಕುಡಿಯುತ್ತ ಇದನ್ನು ಕೇಳಿದ್ದ ಸಿದ್ದಲಿಂಗೇಶ, "ಪಾಸಾದ್ರ ಛಲೋನ ಆತು. ಫೇಲಾದ್ರ? ಅತ್ತಿ ಇನ್ನ ಜನ್ಮದಾಗ ಯಾರ ಎದುರೂ ಬರೂದಿಲ್ಲ ನೋಡು" ಎಂದಿದ್ದ. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಡುವುದರಲ್ಲಿ ಅವನದು ಎತ್ತಿದ ಕೈ.

ಕೊನೆಗೆ ಚಿಲಕ ಸರಿಯಿತು. ನೀಲವ್ವ ಮುಖದ ಮೇಲೆ ಸೆರಗೆಳೆದುಕೊಂಡು ಹೊರಗೆ ಬಂದಳು. ಮೇಜಿನ ಮೇಲೆ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣಕೊಂಬು, ಉತ್ತತ್ತಿ, ಬಾಳೆಹಣ್ಣು, ಒಂದು ರವಿಕೆ ಖಣ ಎಲ್ಲ ಸಿದ್ಧವಾಗಿದ್ದವು.

"ಉಡಿ ತುಂಬು" ಎಂದಳು ಜಯಾ.

"ನನ್ನ ಕೈಲೆ ಬ್ಯಾಡ. ಅದೊಂದ ಹಟಾ ಮಾಡಬ್ಯಾಡ." ನೀಲವ್ವನ ದನಿ ಸಣ್ಣದಾಯಿತು. "ನಿಂದ ಕೆಡಬಾರದಂತ ಹೇಳಾಕತ್ತೀನಿ."

ಜಯಾ ತಾಟಿನಲ್ಲಿದ್ದದ್ದನ್ನೆಲ್ಲ ಖಣದಲ್ಲಿ ಸುರಿದಳು. ನಾಲ್ಕು ಮೂಲೆ ಸೇರಿಸಿ ಸಿಟ್ಟಿನಿಂದ ಗಂಟು ಬಿಗಿದಳು, ಅದರ ಮೇಲೆ ಇನ್ನೊಂದು ಗಂಟು. ಅದನ್ನು ಅವ್ವನ ಚೀಲಕ್ಕೆ ತುರುಕಿದಳು.

"ನೀ ತುಂಬೂತನಕ ಇದು ನಿನ್ನ ಚೀಲದಾಗ ಇರಲಿ. ಹೊತ್ತಕೊಂಡ ಅಡ್ಡಾಡು."

ಟ್ರಾಮಿನಲ್ಲಿ ಇನ್ನೊಂದು ಒಪ್ಪಂದವಾಯಿತು. ಗುಂಪಿನಲ್ಲಿ ನೀಲವ್ವ ಹತ್ತರಲ್ಲಿ ಹನ್ನೊಂದನೆಯ ಪ್ರವಾಸಿಯಾಗಿರಬೇಕು, ಮಗಳನ್ನು ಮಾತಾಡಿಸಬಾರದು. ಇದಕ್ಕೂ ಕಾರಣವಿತ್ತು. ಹೋದ ಸಲ ಫೇಲಾದಾಗ ಸಂಘದ ಒಬ್ಬ ದೊಡ್ಡ ಮನುಷ್ಯ, "ನೀವು ಇಂಡಿಯಾದ ಗುಂಪುಗಳಿಗೆ ಇಂಗ್ಲಿಷಿನಲ್ಲಿ ತೋರಿಸಬಹುದಲ್ಲ, ನಿಮ್ಮ ದೇವಸ್ಥಾನಗಳ ಮಾತೂ ಸೇರಿಸಿಕೊಂಡು" ಎಂದು ಪ್ರೀತಿಯಿಂದಲೇ ಹೇಳಿದ್ದ. ಜಯಾಳಿಗೆ ಅದು ಕುಬಸದ ದಿನ ಅವ್ವನನ್ನು ಅಡುಗೆಮನೆಯಲ್ಲಿ ಕೂರಿಸಿದ ಹಾಗೆಯೇ ಕೇಳಿಸಿತ್ತು. ಈ ಸಲ ಪರೀಕ್ಷೆ ಮುಗಿಯುವತನಕ 'ನಮ್ಮಲ್ಲಿ' ಎಂಬ ಮಾತು ಬಾಯಿಂದ ಬರಕೂಡದೆಂದು ನಿರ್ಧರಿಸಿದ್ದಳು.

"ನಾ ಎಲ್ಲಾರಕಿಂತ ಹಿಂದ ಬರ್ತೀನಿ ತಗೊ" ಎಂದಳು ನೀಲವ್ವ. ಅವಳಿಗೆ ಅದೇ ಬೇಕಾಗಿತ್ತು.

ಡೋಮ್ ಇಗರ್ಜಿಯ ಮುಂದಿನ ಬಯಲಿನಲ್ಲಿ, ರೋಮನ್ನರ ಉತ್ತರದ ಬಾಗಿಲಿನದೆಂದು ಉಳಿದಿರುವ ಸಣ್ಣ ಕಮಾನಿನ ಹತ್ತಿರ ಗುಂಪು ಸೇರಿತ್ತು. ಪರೀಕ್ಷಕಿ ಫ್ರೌ ಲೆಂಟ್ಸ್ ತೆಳ್ಳನೆಯ, ನೆಟ್ಟಗಿನ ಹೆಂಗಸು. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡಿದ್ದಳು. "ಹೋದ ಸಲದ್ದು ಮರೆತುಬಿಡಿ. ಆದರೆ ಗೋಪುರವನ್ನು ಮರೆಯಬೇಡಿ" ಎಂದು ಜಯಾಳ ಕೈ ಕುಲುಕಿದಳು.

ಜಯಾ ಮರೆಯಲಿಲ್ಲ. ಬಾಗಿಲ ಕಮಾನಿನ ಬಗ್ಗೆ ಹೇಳಬೇಕೆಂದು ನಾಲಗೆಯ ತುದಿಗೆ ಬಂದ ಹತ್ತು ಸಂಗತಿಗಳಲ್ಲಿ ಮೂರನ್ನು ಹೇಳಿ ಉಳಿದದ್ದನ್ನು ನುಂಗಿದಳು. ರಿಪೇರಿಗೆಂದು ವರ್ಷಗಳಿಂದ ಮುಚ್ಚಿರುವ ಮ್ಯೂಸಿಯಂನ ಬೇಲಿಯ ಮುಂದೆ ಗೊಣಗದೆ ದಾಟಿದಳು. ಬಂದರಿಗೆ ಹೋಗುತ್ತಿದ್ದ ರೋಮನ್ ರಸ್ತೆಯ ಕರಿಗಲ್ಲುಗಳ ಮೇಲೆ ಗುಂಪನ್ನು ನಡೆಸುತ್ತ, ಕಲ್ಲು ಯಾಕೆ ಇಷ್ಟು ಒರಟೆಂದು ಕೇಳಿದವರಿಗೆ ಎರಡೇ ಮಾತಿನಲ್ಲಿ ಉತ್ತರ ಕೊಟ್ಟಳು. ಫ್ರೌ ಲೆಂಟ್ಸ್ ಗಡಿಯಾರ ನೋಡಿ ತಲೆಯಾಡಿಸಿದಳು. ಎಲ್ಲ ಹೊತ್ತಿಗೆ ಸರಿಯಾಗಿಯೇ ನಡೆಯುತ್ತಿತ್ತು.

ಸಾಲಿನ ಕೊನೆಯಲ್ಲಿ ನೀಲವ್ವ ಇಳಕಲ್ ಸೀರೆಯ ಕೆಳಗೆ ಅಳಿಯ ಕೊಡಿಸಿದ ಬಿಳಿ ಬೂಟು ಹಾಕಿಕೊಂಡು ಬರುತ್ತಿದ್ದಳು. ಮಂಡಿನೋವಿನವಳು ಆ ಉಬ್ಬುತಗ್ಗಿನ ಕಲ್ಲಿನ ಮೇಲೆ ತಡವರಿಸುವುದನ್ನು ಕಂಡು ಕೆಂಪು ಟೊಪ್ಪಿಗೆಯ ಮುದುಕನೊಬ್ಬ ಹಿಂದೆ ಬಂದು ತೋಳು ಚಾಚಿದ. ಬೇಡವೆನ್ನಲು ನೀಲವ್ವನಿಗೆ ಭಾಷೆ ಬಾರದು, ಹಿಡಿಯಲು ನಾಚಿಕೆ. ಕೊನೆಗೆ ಅವನ ಕೋಟಿನ ತೋಳಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ನಡೆದಳು. ಜಯಾಳಿಗೆ ನಗು ತಡೆಯುವುದೇ ಕಷ್ಟವಾಯಿತು.

ಗೋಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳೆಯ ಕಟ್ಟಡದ ಅಂಗಳ. ಅಲ್ಲಿ ಗೋಡೆಗೆ ಒರಗಿಸಿ ಒಂದು ಹರಕೆಯ ಕಲ್ಲನ್ನು ನಿಲ್ಲಿಸಿದ್ದರು. ಮೂಲ ಕಲ್ಲು ಮ್ಯೂಸಿಯಂನ ಉಗ್ರಾಣದಲ್ಲಿತ್ತು, ಇದು ಅದರ ನಕಲು. ಮೂವರು ಹೆಂಗಸರು ಸಾಲಾಗಿ ಕುಳಿತಿದ್ದರು. ನಡುವಿನವಳು ಕೂದಲು ಇಳಿಬಿಟ್ಟ ಹುಡುಗಿ. ಎಡಬಲದವರು ದೊಡ್ಡ ದುಂಡನೆಯ ಟೊಪ್ಪಿಗೆ ತೊಟ್ಟವರು. ಮೂವರ ತೊಡೆಯ ಮೇಲೂ ಹಣ್ಣು. ಮನೆಯಲ್ಲಿ ಅಭ್ಯಾಸ ಮಾಡುವಾಗ ಜಯಾ ಈ ಕಲ್ಲಿನ ಸಂಗತಿಯನ್ನೆಲ್ಲ ಅವ್ವನಿಗೂ ಕನ್ನಡದಲ್ಲಿ ಹೇಳಿದ್ದಳು.

"ಇವರು ಈ ಸೀಮೆಯ ತಾಯಂದಿರು" ಎಂದು ಜಯಾ ಹೇಳತೊಡಗಿದಳು. "ರೋಮನ್ ಸಿಪಾಯಿಗಳು, ವ್ಯಾಪಾರಿಗಳು ಕೂಡ ಇವರಿಗೆ ಹರಕೆ ಹೊರುತ್ತಿದ್ದರು. ಬೇಡಿದ್ದು ಆದ ಮೇಲೆ ಇಂಥ ಕಲ್ಲು ನಿಲ್ಲಿಸಿ, ಹರಕೆಯನ್ನು ಮನಸಾರೆ ತೀರಿಸಿದ್ದೇನೆ ಎಂದು ಕೆಳಗೆ ಕೆತ್ತಿಸುತ್ತಿದ್ದರು."

ಗುಂಪು ದಣಿದಿತ್ತು. ಒಬ್ಬಳು ಮೊಬೈಲು ನೋಡುತ್ತಿದ್ದಳು, ಇನ್ನೊಬ್ಬ ಬೂಟಿನ ದಾರ ಕಟ್ಟುತ್ತಿದ್ದ. ಜಯಾ ಎರಡು ಮಾತು ಹೇಳಿ ಹೊರಡಲು ಸಿದ್ಧಳಾದಳು. ಆಗ ಮುಂದಿನಿಂದ ದನಿ ಬಂತು. ಹಿಂದಿನಿಂದಲ್ಲ, ಮುಂದಿನಿಂದ.

"ಜಯಾ, ಈ ತಾಯಂದ್ರಿಗೆ ಉಡಿ ತುಂಬಿದಾರು ಯಾರ?"

ನೀಲವ್ವ ಯಾವಾಗ ಮುಂದೆ ಬಂದಳೋ! ಬೂಟು ಕಳಚಿ ಪಕ್ಕಕ್ಕಿಟ್ಟು, ಕಾಲುಚೀಲದಲ್ಲಿ, ಕಲ್ಲಿಗೆ ಎದುರಾಗಿ ನಿಂತಿದ್ದಳು. ಮುಖದ ಮೇಲಿನ ಸೆರಗು ಹಿಂದೆ ಸರಿದಿತ್ತು. ಎಲ್ಲರೂ ತಿರುಗಿ ನೋಡಿದರು. ಫ್ರೌ ಲೆಂಟ್ಸಳ ಪೆನ್ನು ನಿಂತಿತು.

ಕೇಳಿಸಲಿಲ್ಲವೆಂಬಂತೆ ಮುಂದೆ ಸಾಗಬಹುದಿತ್ತು. ಒಪ್ಪಂದ ಮುರಿದವಳು ಅವ್ವ, ತಪ್ಪು ಅವಳದೇ. ಆದರೆ ಅವ್ವ ತಾನಾಗಿ ಎಲ್ಲರ ಮುಂದೆ ಬಂದು ನಿಂತಿದ್ದನ್ನು ಜಯಾ ಎಷ್ಟು ಕಾಲವಾಯಿತೋ ನೋಡಿರಲಿಲ್ಲ. 'ನಮ್ಮಲ್ಲಿ' ಎನ್ನಬಾರದೆಂಬ ಹಟ ಹಾಳಾಗಿ ಹೋಗಲಿ ಎಂದುಕೊಂಡಳು.

"ಗೊತ್ತಿಲ್ಲಬೇ" ಎಂದು ಅವ್ವನಿಗೆ ಹೇಳಿ, ಗುಂಪಿನ ಕಡೆ ತಿರುಗಿ ಜರ್ಮನ್ನಿನಲ್ಲಿ, "ಇವರು ನನ್ನ ತಾಯಿ. ಈ ಮೂವರ ಮಡಿಲು ತುಂಬಿದವರು ಯಾರು ಎಂದು ಕೇಳುತ್ತಿದ್ದಾರೆ. ನಮ್ಮಲ್ಲಿ ದೇವಿಗೂ ಮನೆಮಗಳಿಗೂ ಮಡಿಲಲ್ಲಿ ಅಕ್ಕಿ, ಹಣ್ಣು ಇಟ್ಟು ಹರಸುತ್ತಾರೆ" ಎಂದಳು.

"ನಾನು ಹುಟ್ಟಿದ್ದೇ ಇಲ್ಲಿ" ಎಂದ ಕೆಂಪು ಟೊಪ್ಪಿಗೆಯ ಮುದುಕ. "ಇವರು ಹಣ್ಣು ಮಾರುತ್ತಿದ್ದಾರೆ ಅಂದುಕೊಂಡಿದ್ದೆ." ಎಲ್ಲರೂ ನಕ್ಕರು. ಮೊಬೈಲು ನೋಡುತ್ತಿದ್ದವಳು ಅದನ್ನು ಜೇಬಿಗೆ ಹಾಕಿ ಹತ್ತಿರ ಬಂದಳು. "ಹಣ್ಣು ಕೊಡುವವರು ಈ ತಾಯಂದಿರೇ ಅಲ್ಲವೆ? ಇವರಿಗೆ ಯಾರಾದರೂ ಕೊಟ್ಟದ್ದೋ?"

"ಸಮೃದ್ಧಿ ಕೊಡುವವರು ಎಂದೇ ತಿಳಿದವರು ಹೇಳುವುದು. ಜನ ತಂದು ಒಪ್ಪಿಸಿದ್ದೂ ಇರಬಹುದಲ್ಲ ಎಂಬುದು ನನ್ನ ತಾಯಿಯ ಪ್ರಶ್ನೆ."

"ಅದಕ್ಕೆ ಆಧಾರ?" ಎಂದಳು ಫ್ರೌ ಲೆಂಟ್ಸ್.

"ಇಲ್ಲ" ಎಂದಳು ಜಯಾ. "ಅದನ್ನು ಉತ್ತರವೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯೆಂದೇ ಹೇಳುತ್ತಿದ್ದೇನೆ."

ಫ್ರೌ ಲೆಂಟ್ಸ್ ಏನೋ ಬರೆದುಕೊಂಡಳು. ನೀಲವ್ವನಿಗೆ ಇದ್ಯಾವುದೂ ಬೇಕಿರಲಿಲ್ಲ.

"ಇವರೊಳಗ ಗಂಡ ಇಲ್ಲದಾಕಿ ಯಾರ?"

"ಟೊಪ್ಪಿಗಿ ಇದ್ದಾರು ಲಗ್ನ ಆದಾರು ಅಂತಾರ, ನಡುವಿನಾಕಿ ಇನ್ನೂ ಆಗಿಲ್ಲ. ಗಂಡ ಅದಾನೋ ಇಲ್ಲೋ, ಅದನ್ನ ಕಲ್ಲಿನಾಗ ಕೆತ್ತಿಲ್ಲ."

"ಹರಕಿ ಹೊತ್ತಾರು ಕೇಳಲಿಲ್ಲೇನು?"

"ಕೇಳಿದ್ದು ಎಲ್ಲೂ ಬರದಿಲ್ಲಬೇ."

"ಇದು ನಕಲಿ ಕಲ್ಲ ಅಂದೆಲ್ಲ?"

"ಹೌದು. ಖರೇದು ಮ್ಯೂಸಿಯಂದಾಗ ಐತಿ."

"ಇರಲಿ ಬಿಡು. ನಮ್ಮೂರಾಗೂ ಗುಡ್ಯಾಗಿನ ಮೂರ್ತಿ ಬ್ಯಾರೆ, ಪಲ್ಲಕ್ಕ್ಯಾಗಿನ ಮೂರ್ತಿ ಬ್ಯಾರೆ." ನೀಲವ್ವ ಆ ಮೂವರ ಮುಖವನ್ನು ಒಂದೊಂದಾಗಿ ನೋಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಖಣದ ಗಂಟು ತೆಗೆದಳು. "ಉಡಿ ಒಡ್ಡು."

ಜಯಾ ಗಡಿಯಾರ ನೋಡಿದಳು. ಗೋಪುರಕ್ಕೆ ಹೊರಡಬೇಕಾದ ಹೊತ್ತು ಅದೇ. ಸಂಜೆ ಮನೆಯಲ್ಲಿ ತುಂಬು ಎನ್ನಬಹುದಿತ್ತು. ಆದರೆ ಸಂಜೆಯ ಹೊತ್ತಿಗೆ ಅವ್ವ ಮತ್ತೆ ಬಚ್ಚಲುಮನೆಯ ನೀಲವ್ವನಾಗಿಬಿಡುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಇಲ್ಲಿ ನಿಂತರೆ ಏನು ಹೋಗುತ್ತದೆ ಎಂಬುದೂ ಗೊತ್ತಿತ್ತು. ಕೊರಳಿನ ಸ್ಕಾರ್ಫ್ ಬಿಚ್ಚಿ ಎರಡೂ ಕೈಯಲ್ಲಿ ಅಗಲವಾಗಿ ಒಡ್ಡಿದಳು.

"ಎರಡು ನಿಮಿಷ ಕೊಡಿ" ಎಂದು ಗುಂಪಿಗೆ ಹೇಳಿದಳು.

ಎರಡು ನಿಮಿಷದಲ್ಲಿ ಆಗುವ ಕೆಲಸವೇ ಅದು, ಗಂಟು ಬಿಚ್ಚಿದ್ದರೆ. ಬೆಳಿಗ್ಗೆ ಸಿಟ್ಟಿನಲ್ಲಿ ಬಿಗಿದ ಗಂಟು, ಅದರ ಮೇಲಿನ ಇನ್ನೊಂದು ಗಂಟು ನೀಲವ್ವನ ಬಾತ ಬೆರಳುಗಳಿಗೆ ಬಗ್ಗಲೇ ಇಲ್ಲ. ಜಯಾ ಕೈ ಮುಂದೆ ಮಾಡಿದರೆ, "ಉಡಿ ತುಂಬಿಸಿಕೊಳ್ಳಾಕಿ ಗಂಟ ಬಿಚ್ಚತಾಳೇನು? ಸುಮ್ಮ ನಿಂದ್ರು" ಎಂದು ಗದರಿದಳು. ಕೆಂಪು ಟೊಪ್ಪಿಗೆಯವನು ಕೀಲಿಕೈ ಕೊಟ್ಟ, ಅದರ ತುದಿಯೂ ಸೋತಿತು. ಕಡೆಗೆ ನೀಲವ್ವ ಹಲ್ಲು ಹಾಕಿ ಬಿಚ್ಚಿದಳು. ಬೊಗಸೆ ಬೊಗಸೆಯಾಗಿ ಐದು ಸಲ ತುಂಬಿದಳು, ಒಂದು ಕಾಳಿನಷ್ಟೂ ಅವಸರ ಮಾಡಲಿಲ್ಲ. ಅಕ್ಕಿ, ಕೊಬ್ಬರಿ, ಅರಿಷಿಣಕೊಂಬು. ಬಾಳೆಹಣ್ಣನ್ನು ಮಾತ್ರ ಕಲ್ಲಿನ ನಡುವಿನ ಹುಡುಗಿಯ ಮಡಿಲಿಗೆ ಇಟ್ಟಳು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟಳು. ಜಯಾ ಪರೀಕ್ಷೆಯನ್ನೂ ಪರೀಕ್ಷಕಿಯನ್ನೂ ಮರೆತು, ಬಗ್ಗಿ ಅವ್ವನ ಕಾಲು ಮುಟ್ಟಿದಳು.

ಅಲ್ಲಿಂದ ಗೋಪುರದತನಕ ಗುಂಪು ಹೆಚ್ಚುಕಮ್ಮಿ ಓಡಿತು. ಸ್ಕಾರ್ಫಿನ ಗಂಟನ್ನು ಎದೆಗವಚಿಕೊಂಡು ಜಯಾ ಮುಂದೆ, ಏದುಸಿರು ಬಿಡುತ್ತ ಉಳಿದವರು ಹಿಂದೆ. ಬಣ್ಣಬಣ್ಣದ ಕಲ್ಲುಗಳಲ್ಲಿ ಪುಟ್ಟ ಗುಡಿಗಳ ಚಿತ್ತಾರ ಮೂಡಿಸಿದ ಆ ದುಂಡು ಗೋಡೆಯ ಮುಂದೆ ನಿಂತು, ಕಟ್ಟಿದವರ ಬಗ್ಗೆ ಒಂದು ಮಾತು, ಇಷ್ಟು ಕಾಲ ಅದು ಉಳಿದದ್ದು ಹೇಗೆ ಎಂಬುದರ ಬಗ್ಗೆ ಅರ್ಧ ಮಾತು ಹೇಳುವಷ್ಟರಲ್ಲಿ ಫ್ರೌ ಲೆಂಟ್ಸ್ ಕೈಯೆತ್ತಿದಳು. ಹೊತ್ತು ಮುಗಿದಿತ್ತು.

ಗುಂಪು ಚಪ್ಪಾಳೆ ತಟ್ಟಿ ಚದುರಿದ ಮೇಲೆ ಅವಳು ಜಯಾಳನ್ನು ಪಕ್ಕಕ್ಕೆ ಕರೆದಳು. "ಆ ಕಲ್ಲನ್ನು ಅಷ್ಟು ಚೆನ್ನಾಗಿ ಯಾರೂ ನನಗೆ ತೋರಿಸಿಲ್ಲ. ಅದನ್ನೂ ಬರೆಯುತ್ತೇನೆ. ಆದರೆ ಗೋಪುರ ಆಗಲಿಲ್ಲ. ಪಾಸು ಮಾಡಲು ನನಗೆ ಆಗುವುದಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಬನ್ನಿ."

ಜಯಾ ಗೋಗರೆಯಲಿಲ್ಲ. "ಬರುತ್ತೇನೆ" ಎಂದಳು.

ನೀಲವ್ವ ಗೋಪುರದ ಎದುರಿನ ಕಟ್ಟೆಯ ಮೇಲೆ ಕುಳಿತು ಮಂಡಿ ಒತ್ತಿಕೊಳ್ಳುತ್ತಿದ್ದಳು. ಜಯಾ ಅವಳತ್ತ ನಡೆದಳು. ಅವ್ವನಿಗೆ ಜರ್ಮನ್ ಬಾರದು. ಪಾಸಾದೆ ಎಂದರೆ ನಂಬುತ್ತಾಳೆ, ಈ ಪೀಡೆ ಇಲ್ಲಿಗೇ ತೊಲಗುತ್ತದೆ, ಅಕ್ಟೋಬರಿನ ಪರೀಕ್ಷೆಯನ್ನು ಗುಟ್ಟಾಗಿ ಮುಗಿಸಬಹುದು. ಸುಳ್ಳು ನಾಲಗೆಯ ಮೇಲೆ ತಯಾರಾಗಿಯೇ ನಿಂತಿತ್ತು. ಆದರೆ ಗೆದ್ದಾಗಷ್ಟೇ ಎದುರು ಬರುವ ಅವ್ವ ಮುಂದೊಂದು ದಿನ ಯಾರೋ ಸೋತಾಗ ಮತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಅಷ್ಟಕ್ಕೆ ಈ ಸುಳ್ಳು ಯಾಕೆ? ಜಯಾ ಅದನ್ನು ನುಂಗಿದಳು.

"ಫೇಲಾದೆ ಯವ್ವ."

ನೀಲವ್ವನ ಕೈ ಮಂಡಿಯ ಮೇಲೆಯೇ ನಿಂತಿತು. ಮುಖ ಕಳೆಗುಂದಿತು. ಸೆರಗು ಮುಂದೆಳೆದುಕೊಳ್ಳಲು ಬೆರಳು ತಲೆಯತ್ತ ಹೋದದ್ದನ್ನು ಜಯಾ ನೋಡಿದಳು.

"ಯಾಕ?"

"ಹೊತ್ತು ಮೀರಿತು. ಗೋಪುರ ತೋರ್ಸಾಕ ಆಗಲಿಲ್ಲ."

"ಹೊತ್ತು ಎಲ್ಲಿ ಹೋತು?"

"ಗಂಟು ಬಿಚ್ಚೂದರಾಗ."

ನೀಲವ್ವ ಸೆರಗಿನ ಅಂಚು ಹಿಡಿದುಕೊಂಡೇ ಗೋಪುರ ನೋಡಿದಳು. ಒಳಗೆ ಏನೋ ತೂಗಿ ನೋಡುತ್ತಿದ್ದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಗಂಟ ಕಟ್ಟಿದಾಕಿ ಯಾರ?"

"ನಾನ."

"ಹಂಗಾರ ನನ್ನ ಮ್ಯಾಲ ಹಾಕಬ್ಯಾಡ" ಎಂದಳು ನೀಲವ್ವ. ಸೆರಗನ್ನು ಕೈಬಿಟ್ಟಳು. "ಎರಡೆರಡು ಗಂಟ ಹಾಕ್ಯಾಳ, ಕತ್ತೆ ಕಾಲಿಗೆ ಹಾಕಿದಂಗ! ಮುಂದಿನದು ಯಾವಾಗ?"

"ಅಕ್ಟೋಬರ್‌ದಾಗ. ಆವಾಗ ನೀ ಬಾಗಲಕೋಟ್ಯಾಗ ಇರ್ತಿ. ನಿನ್ನ ವಿಸಾ ಮುಗಿದಿರತೈತಿ."

"ಮುಗದ್ರ ಏನಾತು? ಮುಂಜಾನೆದ್ದು ವಿಡಿಯೋ ಹಚ್ಚು. ಮೊದಲ ನನ್ನ ಮಾರಿ ನೋಡು, ಆಮ್ಯಾಲ ಹೊಸ್ತಲಾ ದಾಟು. ತಿಳೀತೇನು?"

ಜಯಾ ತಲೆಯಾಡಿಸಿದಳು. ನೀಲವ್ವ ಅದಕ್ಕೂ ಕಾಯಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದು, ಬಿಳಿ ಬೂಟಿನ ಕಾಲು ಹಾಕುತ್ತ ಟ್ರಾಮಿನ ನಿಲ್ದಾಣದ ಕಡೆ ನಡೆದಳು, ದಾರಿ ಗೊತ್ತಿಲ್ಲದಿದ್ದರೂ ಮುಂದೆ ಮುಂದೆಯೇ. ಜಯಾ ಉಡಿಯ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು ಅವಳ ಹಿಂದೆ ಹೋದಳು.